ವಿಲ್ ಸ್ಟಾಕ್‌ಡೇಲ್ ಪೆದ್ದ ಅಲ್ಲ ಸಾರ್

ಸಾರ್, ನಿಮ್ಮ ಲೇಖನ ಚೆನ್ನಾಗಿದೆ, ಆದ್ರೆ ಅದ್ರಲ್ಲಿ 1958ರ ‘ನೋ ಟೈಮ್ ಫಾರ್ ಸಾರ್ಜೆಂಟ್ಸ್’ ಸಿನಿಮಾದ ಹೀರೋ ವಿಲ್ ಸ್ಟಾಕ್‌ಡೇಲ್‌ನ ಬರೀ ಪೆದ್ದ ಅಂದಿದ್ದು ಒಪ್ಪಲ್ಲ. ಅಮೆರಿಕದ ಜಾರ್ಜಿಯಾದ ಹಳ್ಳಿಯಿಂದ ಏರ್‌ಫೋರ್ಸಿಗೆ ಬಂದ ಹುಡುಗ, ಸಾರ್ಜೆಂಟು ಶಿಕ್ಷೆಗೆ ಅಂತ ಟಾಯ್ಲೆಟ್ ಡ್ಯೂಟಿಗೆ ಹಾಕಿದ್ರೆ ಅದನ್ನೇ ದೊಡ್ಡ ಪ್ರಮೋಷನ್ ಅಂದ್ಕೊಂಡು ಫಳಫಳ ಹೊಳೆಯೋ ಹಾಗೆ ತಿಕ್ಕಿಡ್ತಾನಲ್ಲ, ಆಮೇಲೆ ಇನ್ಸ್‌ಪೆಕ್ಷನ್‌ಗೆ ಆಫೀಸರ್ ಬಂದಾಗ ಕಮೋಡ್ ಸೀಟುಗಳೆಲ್ಲ ಒಟ್ಟಿಗೆ ಸಲ್ಯೂಟ್ ಹೊಡೆದಂಗೆ ಎದ್ದು ನಿಲ್ತಾವೆ! ಆಗ ವಿಲ್ ಪಾತ್ರ ಮಾಡಿರೋ ಆ್ಯಂಡಿ ಗ್ರಿಫಿತ್ ಮುಖ ನೋಡಿ, ಎಷ್ಟು ಹೆಮ್ಮೆ! ಕೆಲಸದಲ್ಲಿ ಮೇಲು ಕೀಳು ಅನ್ನೋದೇ ಅವನಿಗೆ ಗೊತ್ತಿಲ್ಲ, ಅದಕ್ಕೇ ಅವನು ನಂಗಿಷ್ಟ. ಅಂದಹಾಗೆ ವಿಲ್‌ಗೆ ಕೈಚಳಕದ ಟೆಸ್ಟ್ ಮಾಡೋ ಪಾತ್ರದಲ್ಲಿರೋ ನಟ ಡಾನ್ ನಾಟ್ಸ್ ಬಗ್ಗೆ ಒಂದು ಸಾಲಾದ್ರೂ ಬರೀಬೇಕಿತ್ತು, 1960ರಲ್ಲಿ ಶುರುವಾದ ಗ್ರಿಫಿತ್ ಟಿವಿ ಶೋನಲ್ಲೂ ಇದೇ ಜೋಡಿ.