ಚಾರ್ಜ್ ಜಾಸ್ತಿ ಆಯ್ತು

ಅತ್ತೆಗೆ ಸಣ್ಣದೊಂದು ಆಪರೇಷನ್ ಆಗಿತ್ತು. ಸಂಜೆಯೊಳಗೆ ಮನೆಗೆ ಕಳಿಸುತ್ತೇವೆ ಎಂದಿದ್ದರಂತೆ. ಭಾವಮೈದುನನಿಗೆ ಫೋನ್ ಮಾಡಿದೆ. ಮೂರು ಸಲವೂ ಸ್ವಿಚ್ ಆಫ್. ನಾಲ್ಕನೇ ಸಲ ಸಿಕ್ಕ.

"ಏನಯ್ಯಾ, ಡಿಸ್ಚಾರ್ಜ್ ಆಯ್ತಾ?"

"ಹೂಂ ಭಾವ, ಮಧ್ಯಾಹ್ನವೇ ಆಗೋಯ್ತು. ಈಗ ಸರಿಯಾಗಿದೆ."

ಸರಿ ಅಂತ ನೇರ ಅತ್ತೆ ಮನೆಗೆ ಹೋದರೆ ಬಾಗಿಲಿಗೆ ಬೀಗ. ಮೆಟ್ಟಿಲ ಮೇಲೆ ಒಂದೂವರೆ ಗಂಟೆ ಕೂತೆ. ಡಿಸ್ಚಾರ್ಜ್ ಆಗಿದ್ದು ಅವನ ಫೋನು. ಅತ್ತೆ ಇನ್ನೂ ಆಸ್ಪತ್ರೆಯ ಮಂಚದ ಮೇಲೆ ಕೂತು "ಅಳಿಯಂದ್ರು ಈ ಕಡೆ ತಲೆನೂ ಹಾಕಲಿಲ್ಲ" ಎನ್ನುತ್ತಿದ್ದರಂತೆ. ಅದೂ ಒಂದು ಚಾರ್ಜೇ, ನನ್ನ ಮೇಲೆ.

ಈ ಪದಕ್ಕೂ ನನಗೂ ಹಳೇ ದ್ವೇಷ ಇದೆ. ಒಮ್ಮೆ ಫೋನಿನಲ್ಲಿ ನಾಲ್ಕು ಪರ್ಸೆಂಟ್ ಉಳಿದಿತ್ತು. ಕಂಡ ಅಂಗಡಿಗೆ ನುಗ್ಗಿ, ಫೋನ್ ಚಾಚಿ, "ಸ್ವಲ್ಪ ಚಾರ್ಜ್ ಮಾಡ್ತೀರಾ ಸಾರ್?" ಅಂದೆ. ಆತ ಫೋನನ್ನು ತಿರುಗಿಸಿ ನೋಡಿ, ಪರದೆ ಮೇಲಿನ ಧೂಳನ್ನು ಬಟ್ಟೆಯಿಂದ ಒರೆಸಿ ವಾಪಸ್ ಕೊಟ್ಟ. "ಇಷ್ಟಕ್ಕೆಲ್ಲ ಏನು ಚಾರ್ಜ್ ಮಾಡೋದು ಬಿಡಿ ಸಾರ್!" ಪಾಪ, ಒಳ್ಳೆಯವನು. ಅವನ ಹಿಂದೆಯೇ ಮೂರು ಪ್ಲಗ್ ಪಾಯಿಂಟ್ ಖಾಲಿ ಇದ್ದವು. ಥ್ಯಾಂಕ್ಸ್ ಹೇಳಿ ಹೊರಗೆ ಬಂದೆ.

ಮೆಟ್ಟಿಲ ಮೇಲೆ ಬೇರೆ ಕೆಲಸ ಇರಲಿಲ್ಲವಲ್ಲ, ಪದದ ಮೂಲ ಹುಡುಕಿದೆ. ಲ್ಯಾಟಿನ್‌ನಲ್ಲಿ 'ಕಾರಸ್' ಅಂದರೆ ಬಂಡಿ. ಬಂಡಿಗೆ ಸಾಮಾನು ಹೇರುವುದರಿಂದ ಫ್ರೆಂಚ್ ಮೂಲಕ 'ಚಾರ್ಜ್' ಬಂತು. ಕಾರು, ಕಾರ್ಗೋ ಇದರ ದಾಯಾದಿಗಳು. ಅಂದರೆ ಎಲ್ಲ ಚಾರ್ಜೂ ಹೊರೆಯೇ! ನಾವೂ ಆರೋಪ 'ಹೊರಿಸುತ್ತೇವೆ', ಜವಾಬ್ದಾರಿ 'ಹೊರುತ್ತೇವೆ', ಖರ್ಚು 'ಹೊರೆ' ಎನ್ನುತ್ತೇವೆ. ಆಫೀಸಿನ 'ಪ್ರಭಾರ'ದಲ್ಲೂ ಭಾರ ಇದೆ. ಬಂದೂಕಿಗೆ ಮದ್ದು ತುಂಬುವುದೂ ಚಾರ್ಜೇ. 1745-46ರ ಸುಮಾರಿಗೆ ಲೇಡನ್ ಜಾರ್ ಎಂಬ ಗಾಜಿನ ಶೀಸೆಯಲ್ಲಿ ವಿದ್ಯುತ್ ತುಂಬಿಡಲು ಕಲಿತರು. ಬೆಂಜಮಿನ್ ಫ್ರಾಂಕ್ಲಿನ್ ಅದಕ್ಕೂ ಈ ಪದವನ್ನೇ ಬಳಸಿದ. ಅಂಥ ಶೀಸೆಗಳ ಸಾಲಿಗೆ ಫಿರಂಗಿ ಸಾಲಿನ ಹೆಸರಾದ 'ಬ್ಯಾಟರಿ'ಯನ್ನೇ ಇಟ್ಟ. ನಾವು ಜೇಬಿನಲ್ಲಿ ಇಟ್ಟುಕೊಂಡು ಓಡಾಡುವುದು ಸಣ್ಣದೊಂದು ಫಿರಂಗಿ, ಅಲ್ವಾ?

ಕನ್ನಡ ಮೀಡಿಯಮ್ಮಿನಲ್ಲಿ ಓದಿದವರಿಗೆ ಇನ್ನೊಂದು ಮಜಾ. ಅಲ್ಲಿ ಚಾರ್ಜ್ ಅಂದರೆ 'ಆವೇಶ', ಎಲೆಕ್ಟ್ರಾನಿಗೆ ಇರುವ ನೆಗೆಟಿವ್ ಚಾರ್ಜ್ 'ಋಣ ಆವೇಶ'. ಸಾಲ ಮಾಡಿಕೊಂಡು ಸಿಟ್ಟಾಗಿರುವ ಯಾರೋ ಒಬ್ಬ ಅಂತಲೇ ನಾನು ಬಹಳ ದಿನ ತಿಳಿದಿದ್ದೆ. ಪರೀಕ್ಷೆಯಲ್ಲಿ ಅದಕ್ಕೆ ಚಿತ್ರವನ್ನೂ ಬರೆದಿದ್ದೆ. ಮೀಸೆ ಸಮೇತ.

ಇರಲಿ. ಮಾರನೇ ದಿನ ಅತ್ತೆಯನ್ನು ಮಾತಾಡಿಸಲು ಹೋದೆ. ಹೋದ ತಕ್ಷಣ ನನ್ನ ಫೋನನ್ನು ಅವರ ತಲೆದಿಂಬಿನ ಪಕ್ಕದ ಪ್ಲಗ್ಗಿಗೆ ಸಿಕ್ಕಿಸಿದೆ, ಮೊದಲೇ ಪಾಠ ಕಲಿತಿದ್ದೆನಲ್ಲ. ಅತ್ತೆ ಕೈಯಲ್ಲಿ ಕಾಗದ ಹಿಡಿದು ನಿಟ್ಟುಸಿರು ಬಿಟ್ಟರು.

"ಯಾಕೋ ಚಾರ್ಜ್ ತುಂಬಾ ಜಾಸ್ತಿ ಆಯ್ತು ಅನ್ಸುತ್ತೆ."

"ನೂರು ಆಗಿದ್ರೆ ಸಾಕು, ಕಿತ್ತು ಪಕ್ಕಕ್ಕಿಡಿ ಅತ್ತೆ" ಅಂದೆ.

ಅವರು ಆಸ್ಪತ್ರೆ ಬಿಲ್ಲನ್ನು ಮಡಿಸಿ ದಿಂಬಿನ ಕೆಳಗೆ ಇಟ್ಟುಕೊಂಡು, ಗೋಡೆ ಕಡೆ ತಿರುಗಿ ಮಲಗಿದರು.