ಮುಚ್ಚಿದ ಫ್ಯಾಕ್ಟರಿಗಳ ಫೋಟೊ ತೆಗೆಯುವವರಿಗೆ

ಬೆಂಗಳೂರಿನ ಹಳೇ ಮಿಲ್ಲು, ಮುಚ್ಚಿದ ಫ್ಯಾಕ್ಟರಿಗಳ ಫೋಟೊ ಈಗ ಎಲ್ಲಿ ನೋಡಿದರೂ ಕಾಣುತ್ತದೆ. ಒಡೆದ ಗಾಜು, ತುಕ್ಕು ಹಿಡಿದ ಕಂಬ, ಗೋಡೆ ಸೀಳಿಕೊಂಡು ಬಂದ ಅರಳಿ ಗಿಡ, ಅದರ ಮುಂದೆ ಮದುವೆ ಆಗಲಿರುವ ಜೋಡಿ. ತೆಗೆಯಬೇಡಿ ಅಂತ ನಾನು ಹೇಳುವುದಿಲ್ಲ. ನಾನೂ ಕೆಲವು ವರ್ಷಗಳಿಂದ ಈ ಕಟ್ಟಡಗಳ ಹಿಂದೆ ಬಿದ್ದವನೇ. ಆದರೆ ಅಲ್ಲಿ ಏನು ಕೆಲಸ ನಡೆಯುತ್ತಿತ್ತು, ಯಾವ ಮೂಲೆಯಲ್ಲಿ ನಡೆಯುತ್ತಿತ್ತು ಅನ್ನುವುದು ಫೋಟೊ ನೋಡಿದವರಿಗೆ ಗೊತ್ತಾಗಬೇಕು. ಬರೀ ತುಕ್ಕು ತೋರಿಸಿದರೆ ಸಾಲದು.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ನಮ್ಮ ಊರಲ್ಲಿ ಈ ಜಾಗಗಳು ಹೋಗುವ ವೇಗ ನೋಡಿ. ಮಲ್ಲೇಶ್ವರದ ಸಂಪಿಗೆ ರಸ್ತೆಯ ತುದಿಯಲ್ಲಿ ರಾಜಾ ಮಿಲ್ ಇತ್ತು, ಈಗ ಅಲ್ಲಿ ಮಂತ್ರಿ ಮಾಲ್. ಬಿನ್ನಿ ಮಿಲ್ ಶುರುವಾಗಿದ್ದು 1884ರಲ್ಲಿ, ಇವತ್ತು ಆ ಜಾಗದಲ್ಲಿ ಅಪಾರ್ಟ್‌ಮೆಂಟ್‌ಗಳು. ಬಿನ್ನಿಪೇಟೆ ಅನ್ನುವ ಹೆಸರು ಉಳಿದಿದೆ, ಆದರೆ ಅಲ್ಲಿ ಹುಟ್ಟಿದ ಎಷ್ಟೋ ಮಕ್ಕಳಿಗೆ ಅದೊಂದು ಮಿಲ್ಲಿನ ಹೆಸರು ಅಂತಲೇ ಗೊತ್ತಿಲ್ಲ. ಮಿನರ್ವ ಮಿಲ್ಸ್ ಕೇಸನ್ನು ದೇಶದ ಪ್ರತಿಯೊಬ್ಬ ಕಾನೂನು ವಿದ್ಯಾರ್ಥಿಯೂ ಓದುತ್ತಾನೆ. 1980ರ ತೀರ್ಪು ಅದು, ಸಂವಿಧಾನದ ಮೂಲ ರಚನೆಯನ್ನು ಸಂಸತ್ತು ಕೂಡ ಮುಟ್ಟುವ ಹಾಗಿಲ್ಲ ಅಂತ ಗಟ್ಟಿಯಾಗಿ ಹೇಳಿದ್ದು. ಆ ಮಿಲ್ಲು ನಮ್ಮ ಬೆಂಗಳೂರಿನದೇ. ನಮ್ಮ ಸಿನಿಮಾದವರಿಗೆ ಅದು ಫೈಟ್ ಸೀನ್ ತೆಗೆಯುವ ಜಾಗ ಅಂತ ಗೊತ್ತು, ಅಷ್ಟೇ.

ಬೈಯಪ್ಪನಹಳ್ಳಿಯ ಎನ್‌ಜಿಇಎಫ್ ತಗೊಳ್ಳಿ. ಜರ್ಮನಿಯ ಎಇಜಿ ಜೊತೆ ಸೇರಿ ನಮ್ಮ ಸರ್ಕಾರ ನಡೆಸಿದ ಕಂಪನಿ. ಟ್ರಾನ್ಸ್‌ಫಾರ್ಮರ್, ಮೋಟರ್, ಸ್ವಿಚ್‌ಗೇರ್ ಇಲ್ಲಿಂದ ಹೋಗುತ್ತಿದ್ದವು. 2002ರಲ್ಲಿ ಬಾಗಿಲು ಹಾಕಿತು. ಆಮೇಲೆ ಪಕ್ಕದಲ್ಲೇ ಮೆಟ್ರೊ ಬಂತು, ಸುತ್ತಮುತ್ತ ಬಾಡಿಗೆ ಏರಿತು. ಈಗ ಅಲ್ಲಿ ಟ್ರೀ ಪಾರ್ಕ್ ಮಾಡುತ್ತೇವೆ ಅನ್ನುತ್ತಿದೆ ಸರ್ಕಾರ. ಮರ ಬೇಡ ಅನ್ನುವವನು ನಾನಲ್ಲ, ಈ ಊರಿಗೆ ಮರ ಬೇಕೇ ಬೇಕು. ಶೆಡ್ಡುಗಳು ಏನಾಗುತ್ತವೆ ಅನ್ನುವುದಷ್ಟೇ ನನ್ನ ಚಿಂತೆ.

ಹಳೇ ಮಿಲ್ಲುಗಳ ಚಾವಣಿ ನೋಡಿದ್ದೀರಲ್ವಾ, ಗರಗಸದ ಹಲ್ಲಿನ ಥರ ಸಾಲಾಗಿ ಇರುತ್ತದಲ್ಲ, ಅದು. ಪ್ರತಿ ಹಲ್ಲಿನ ನೆಟ್ಟಗಿನ ಬದಿಗೆ ಗಾಜು ಹಾಕಿ, ಆ ಗಾಜನ್ನು ಉತ್ತರಕ್ಕೆ ತಿರುಗಿಸಿ ಕಟ್ಟುತ್ತಿದ್ದರು. ನೇರ ಬಿಸಿಲು ಒಳಗೆ ಬೀಳಬಾರದು, ಆದರೆ ಬೆಳಕು ಇಡೀ ಶೆಡ್ಡಿಗೆ ಒಂದೇ ಸಮ ಬರಬೇಕು ಅಂತ. ನೂಲು ಎಲ್ಲಿ ಕಡಿಯಿತು ಅಂತ ಕಾಣಬೇಕಲ್ಲ, ಮಗ್ಗದ ಮುಂದೆ ನಿಂತವನ ಕಣ್ಣಿಗೆ ನೆರಳು ಅಡ್ಡ ಬರಬಾರದಲ್ಲ, ಅದಕ್ಕೆ. ಇವತ್ತು ನಾವು ಒಳಗೆ ಹೋಗಿ ‘ಎಂಥಾ ಲೈಟಿಂಗ್ ಗುರು’ ಅನ್ನುತ್ತೇವೆ. ಆ ಬೆಳಕು ಸುಮ್ನೆ ಬಂದಿದ್ದಲ್ಲ, ಎಂಟು ಗಂಟೆ ನಿಂತು ದುಡಿಯುವವರಿಗೆ ಅಂತ ಲೆಕ್ಕ ಹಾಕಿ ಒಳಗೆ ಬಿಟ್ಟಿದ್ದು. ಬೆಂಗಳೂರಿನಲ್ಲಿ ಇನ್ನೊಂದು ವಿಶೇಷ ಇದೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗಿಂತ ಸ್ವಲ್ಪ ಉತ್ತರಕ್ಕೆ ಇರುತ್ತಾನೆ. ಆಗ ಉತ್ತರದ ಗಾಜಿನಿಂದಲೂ ಬಿಸಿಲಿನ ಪಟ್ಟಿ ಒಳಗೆ ಇಳಿಯಬಹುದು. ಕ್ಯಾಮೆರಾ ಹಿಡಿದವರು ಇದನ್ನು ತಿಳಿದುಕೊಂಡು ಹೋದರೆ ಒಳ್ಳೆಯದು.

ಬೆಳಕಿನಷ್ಟೇ ಮುಖ್ಯ ನೆಲ. ನೆಲದ ಫೋಟೊ ಯಾರೂ ತೆಗೆಯುವುದಿಲ್ಲ, ನನಗೆ ಅದೇ ಬೇಜಾರು. ಮುಚ್ಚಿದ ಒಂದು ಶೆಡ್ಡಿನಲ್ಲಿ ಕಾಂಕ್ರೀಟಿನಿಂದ ನಾಲ್ಕು ದಪ್ಪ ಬೋಲ್ಟು ಚೌಕಾಕಾರವಾಗಿ ಮೇಲೆದ್ದಿದ್ದವು, ಸುತ್ತ ಎಣ್ಣೆ ಕುಡಿದು ಕಪ್ಪಾದ ಸಿಮೆಂಟು. ಒಂದು ಬದಿಯಲ್ಲಿ ಮಾತ್ರ ನೆಲ ನುಣ್ಣಗೆ ಸವೆದಿತ್ತು. ಆ ಫೋಟೊವನ್ನು ಗೇಟಿನ ಎದುರಿನ ಟೀ ಅಂಗಡಿಯಲ್ಲಿ ಒಬ್ಬ ಹಿರಿಯರಿಗೆ ತೋರಿಸಿದೆ. ಮೊಬೈಲನ್ನು ಕೈಗೆ ತಗೊಂಡು, ದೊಡ್ಡದು ಮಾಡಿ, ‘ಇದು ಪ್ರೆಸ್ಸು, ಆಪರೇಟರ್ ಈ ಕಡೆ ನಿಲ್ತಿದ್ದ’ ಅಂತ ಸವೆದ ಜಾಗದ ಮೇಲೆ ಬೆರಳಿಟ್ಟರು. ಆಮೇಲೆ ಟೈಮ್ ಆಫೀಸ್ ಎಲ್ಲಿತ್ತು, ಕ್ಯಾಂಟೀನ್ ಎಲ್ಲಿತ್ತು, ವಿಆರ್‌ಎಸ್ ತಗೊಂಡ ಮೇಲೆ ಯಾರ್‍ಯಾರು ಯಾವ ಊರಿಗೆ ಹೋದರು, ಎಲ್ಲಾ ಹೇಳಿದರು. ಒಡೆದ ಕಿಟಕಿಯ ಫೋಟೊವನ್ನೂ ತೋರಿಸಿದ್ದೆ. ಅದನ್ನು ನೋಡಿ ಏನೂ ಮಾತಾಡಲಿಲ್ಲ.

ಜರ್ಮನಿಯಲ್ಲಿ ಬರ್ನ್ಡ್ ಮತ್ತು ಹಿಲ್ಲಾ ಬೆಷರ್ ಅಂತ ಗಂಡ ಹೆಂಡತಿ ಇದ್ದರು. 1959ರಿಂದ ದಶಕಗಳ ಕಾಲ ಗಣಿ, ನೀರಿನ ಟ್ಯಾಂಕು, ಕುಲುಮೆಗಳ ಫೋಟೊ ತೆಗೆದರು. ಮೋಡ ಕವಿದ ದಿನ ನೋಡಿ ಹೋಗುತ್ತಿದ್ದರು, ನೆರಳು ಬೀಳಬಾರದು ಅಂತ. ನೇರವಾಗಿ ಎದುರು ನಿಂತು, ಪ್ರತಿ ಭಾಗವೂ ಕಾಣುವ ಹಾಗೆ ತೆಗೆಯುತ್ತಿದ್ದರು. ಡಾರ್ಟ್‌ಮುಂಡ್‌ನ ಝೊಲರ್ನ್ ಗಣಿಯ ಯಂತ್ರಶಾಲೆಯನ್ನು ಕೆಡವಲು ಹೊರಟಾಗ ಅದನ್ನು ಉಳಿಸಿ ಅಂತ ದನಿ ಎತ್ತಿದವರಲ್ಲಿ ಅವರೂ ಇದ್ದರು. 1969ರಲ್ಲಿ ಅದು ಉಳಿಯಿತು, ಈಗ ಮ್ಯೂಸಿಯಂ. ನಮ್ಮಲ್ಲಿ ಕೇಂದ್ರದ ಪ್ರಾಚೀನ ಸ್ಮಾರಕಗಳ ಕಾನೂನಿಗೆ ಕಟ್ಟಡ ಕನಿಷ್ಠ 100 ವರ್ಷ ಹಳೆಯದಾಗಿರಬೇಕು. 1960ರ ದಶಕದ ಶೆಡ್ಡು ಯಾವ ಲೆಕ್ಕಕ್ಕೆ? ಹಾಗಾಗಿ ದಾಖಲೆ ಮಾಡುವ ಕೆಲಸ ಸದ್ಯಕ್ಕೆ ನಮ್ಮ ಮೇಲೇ ಬಿದ್ದಿದೆ.

ಹೋಗುವವರು ಅನುಮತಿ ತಗೊಂಡೇ ಹೋಗಿ. ಗೋಡೆ ಹಾರಿದರೆ ಬೈಸಿಕೊಳ್ಳುವುದು ಗೇಟಿನ ಸೆಕ್ಯುರಿಟಿಯವರು, ಅವರ ಕೆಲಸಕ್ಕೇ ಕುತ್ತು ಬರುತ್ತದೆ. ಹಳೇ ಚಾವಣಿಯಲ್ಲಿ ಆಸ್ಬೆಸ್ಟಾಸ್ ಶೀಟು ಜಾಸ್ತಿ, ಒಡೆದ ಶೀಟಿನ ಪುಡಿ ಶ್ವಾಸಕೋಶಕ್ಕೆ ಬಹಳ ಕೆಟ್ಟದ್ದು. ಒಳ್ಳೆ ಮಾಸ್ಕ್ ಇಲ್ಲದೆ, ಗಟ್ಟಿ ಬೂಟು ಇಲ್ಲದೆ ಒಳಗೆ ಕಾಲಿಡಬೇಡಿ. ಮೊದಲು ದೂರದಿಂದ, ರಸ್ತೆಯೂ ಪಕ್ಕದ ಹೊಸ ಕಟ್ಟಡವೂ ಸೇರುವ ಹಾಗೆ ಒಂದು ಫೋಟೊ ತೆಗೆಯಿರಿ. ಆಮೇಲೆ ಬೋರ್ಡು, ನೋಟಿಸು, ಗೋಡೆಯ ಮೇಲೆ ಪೇಂಟಲ್ಲಿ ಬರೆದ ನಂಬರು, ಕೊನೆಗೆ ನೆಲ. ತಾರೀಖು, ಯಾವ ದಿಕ್ಕಿಗೆ ನಿಂತು ತೆಗೆದಿರಿ ಅನ್ನುವುದನ್ನು ಫೋಟೊ ಜೊತೆಗೇ ಬರೆದಿಡಿ.

ದಾವಣಗೆರೆಯ ಕಾಟನ್ ಮಿಲ್ಲುಗಳು, ಮಂಗಳೂರಿನ ಹೆಂಚಿನ ಕಾರ್ಖಾನೆಗಳ ಹತ್ತಿರ ಇರುವವರಿಗೂ ಇದೇ ಮಾತು. ನಿಮ್ಮ ಮನೆಯಲ್ಲಿ ಇಂಥ ಕಡೆ ದುಡಿದವರು ಇದ್ದರೆ, ಬೀರುವಿನಲ್ಲಿ ಅವರ ಐಡಿ ಕಾರ್ಡು, ಆಯುಧಪೂಜೆಯ ದಿನ ಮೆಷಿನ್ ಮುಂದೆ ನಿಂತು ತೆಗೆಸಿಕೊಂಡ ಗ್ರೂಪ್ ಫೋಟೊ ಇದ್ದೇ ಇರುತ್ತದೆ. ದಯವಿಟ್ಟು ಸ್ಕ್ಯಾನ್ ಮಾಡಿಡಿ. ಫೋಟೊದಲ್ಲಿ ಯಾರ್‍ಯಾರಿದ್ದಾರೆ, ಯಾವ ಸೆಕ್ಷನ್ನು ಅಂತ ಅವರ ಬಾಯಿಂದಲೇ ಕೇಳಿ ಹಿಂದೆ ಬರೆಯಿರಿ. ಎನ್‌ಜಿಇಎಫ್‌ನಲ್ಲಿ ಕೆಲಸ ಮಾಡಿದವರು ಇದನ್ನು ಓದುತ್ತಿದ್ದರೆ ನನಗೊಂದು ಮೆಸೇಜ್ ಹಾಕಿ, ನಿಮಗೆ ಬಿಡುವಿದ್ದ ದಿನ ನಾನೇ ಬಂದು ಸ್ಕ್ಯಾನ್ ಮಾಡಿಕೊಡುತ್ತೇನೆ.