ಕೊಲೊನೋಸ್ಕೋಪಿ ತರಬೇತಿ: ಲೂಪ್ ಬಿಡಿಸುವುದು, ಕರುಳು ತೊಳೆಯುವುದು

ಕೊಲೊನೋಸ್ಕೋಪಿ ಎಂದರೆ ಕ್ಯಾಮೆರಾ ಇರುವ ಬಾಗುವ ನಳಿಕೆಯನ್ನು (ಸ್ಕೋಪ್) ಗುದದ್ವಾರದಿಂದ ಹಾಕಿ ದೊಡ್ಡ ಕರುಳು ನೋಡುವ ಎಂಡೋಸ್ಕೋಪಿ. ಇದನ್ನು ಕಲಿಯುವವರನ್ನು ಬರೀ ಕೇಸುಗಳ ಎಣಿಕೆಯಿಂದ ಅಳೆಯಬಾರದು ಎಂದು, ಈ ತರಬೇತಿ ಬಗ್ಗೆ ಬಂದ ಲೇಖನವೊಂದರಲ್ಲಿ ಹಿರಿಯ ಗ್ಯಾಸ್ಟ್ರೋ (ಹೊಟ್ಟೆ-ಕರುಳಿನ) ವೈದ್ಯರು ಹೇಳಿದ್ದು ಖರೇ. ಸ್ಕೋಪ್ ಸೀಕಮ್ (ದೊಡ್ಡ ಕರುಳಿನ ಮೊದಲ ಭಾಗ, ಸ್ಕೋಪ್ ಮುಟ್ಟಬೇಕಾದ ಆಚೆ ತುದಿ) ಮುಟ್ಟಿದ ಪ್ರಮಾಣ ನೂರಕ್ಕೆ 90 ಆದರೂ ಇರಬೇಕು. ಸ್ಕೋಪ್ ಹೊರತೆಗೆಯುತ್ತ ಗೋಡೆ ನೋಡಲು 6 ನಿಮಿಷವಾದರೂ ಕೊಡಬೇಕು, ಇಲ್ಲದಿದ್ದರೆ ಕರುಳಿನ ಮಡಿಕೆ ಹಿಂದಿನ ಪಾಲಿಪ್ (ಗೋಡೆ ಮೇಲೆ ಬೆಳೆದ ಗಂಟು) ಕಣ್ಣು ತಪ್ಪುತ್ತದೆ.

ಹೊಸಬರು ಸೋಲುವುದು ಹೆಚ್ಚಾಗಿ ದೊಡ್ಡ ಕರುಳಿನ ಕೊನೆಯ ಕಡೆಯ ಡೊಂಕಾದ ಭಾಗವಾದ ಸಿಗ್ಮಾಯ್ಡ್‌ನಲ್ಲಿ. ತುದಿ ಮುಂದೆ ಹೋಗುತ್ತಿಲ್ಲವೆಂದು ಇನ್ನಷ್ಟು ತಳ್ಳುತ್ತಾರೆ; ಲೂಪ್ (ಕರುಳಿನೊಳಗೆ ಸ್ಕೋಪ್ ಸುತ್ತಿಕೊಂಡ ಕುಣಿಕೆ) ದೊಡ್ಡದಾಗುತ್ತದೆ, ರೋಗಿ ನರಳುತ್ತಾನೆ, ತುದಿ ಹಿಂದಕ್ಕೇ ಸರಿಯುತ್ತದೆ. ಅಲ್ಲಿ ತಳ್ಳುವುದು ನಿಲ್ಲಿಸಿ, ಗಾಳಿ ಹೀರಿಸಿ, ಸ್ಕೋಪನ್ನು ಬಲಕ್ಕೆ ತಿರುವುತ್ತ ಹಿಂದಕ್ಕೆ ಎಳೆಯಬೇಕು. ಗಾಳಿ ಬದಲು ನೀರು ಬಿಟ್ಟರೆ ಕರುಳು ಅಷ್ಟು ಉಬ್ಬುವುದಿಲ್ಲ. ಕಲಿಸುವವರು ಈ ಹೊತ್ತಿನಲ್ಲಿ ಸ್ಕೋಪ್ ಕಸಿದುಕೊಳ್ಳದೆ ‘ನಿಲ್ಲಿಸು, ಎಳಿ, ಬಲಕ್ಕೆ ತಿರುವು’ ಎಂದು ಬಾಯಲ್ಲೇ ಹೇಳಬೇಕು. ಬಹಳ ಜನರಿಗೆ ಇದೇ ಆಗುವುದಿಲ್ಲ!

ಲೇಖನದಲ್ಲಿ ಬಿಟ್ಟುಹೋದದ್ದು ಕರುಳಿನ ತಯಾರಿ, ಅಂದರೆ ಪರೀಕ್ಷೆಗೆ ಮೊದಲು ಕರುಳು ತೊಳೆಯುವುದು. ನಮ್ಮ ಕಲಬುರಗಿ ಕಡೆ ‘ನಾರಿನ ಪದಾರ್ಥ ಬೇಡ’ ಎಂದರೆ ಯಾರಿಗೂ ತಿಳಿಯದು. ಪುಂಡಿಪಲ್ಯ (ಗೋಂಗುರ ಸೊಪ್ಪು), ಅಗಸಿ ಹಿಂಡಿ (ಚಟ್ನಿಪುಡಿ), ಶೇಂಗಾ ಹಿಂಡಿ 2–3 ದಿನ ಮೊದಲೇ ನಿಲ್ಲಿಸಿರಿ ಎಂದು ಹೆಸರು ಹಿಡಿದು ಹೇಳಬೇಕು. ಪುಡಿಯಾಗದ ಅಗಸಿ ಕಾಳು ಸ್ಕೋಪಿನ ಹೀರು ಕೊಳವೆಯಾದ ಸಕ್ಷನ್ ಚಾನೆಲ್‌ನಲ್ಲಿ ಸಿಕ್ಕಿಕೊಳ್ಳುತ್ತದೆ.

ಪಿಇಜಿ ದ್ರಾವಣ (ಭೇದಿ ಮಾಡಿಸಿ ಕರುಳು ತೊಳೆಯುವ ಔಷಧ) ಅರ್ಧ ಹಿಂದಿನ ರಾತ್ರಿ ಕುಡಿಯಬೇಕು. ಉಳಿದರ್ಧ ಪರೀಕ್ಷೆಗೆ 4–6 ತಾಸು ಮೊದಲು ಶುರುವಾಗಿ, 2 ತಾಸು ಮೊದಲು ಮುಗಿಯಬೇಕು. ಸುರಪುರ, ಔರಾದ್ ಕಡೆಯಿಂದ ನಸುಕಿನ ಬಸ್ಸಿಗೆ ಬರುವವರು ಈ ಎರಡನೇ ಅರ್ಧ ಕುಡಿಯುವುದು ಕಷ್ಟ, ಕಾರಣ ಬಿಡಿಸಿ ಹೇಳಬೇಕಿಲ್ಲ. ಅಂಥವರನ್ನು ಮಧ್ಯಾಹ್ನದ ಲಿಸ್ಟಿಗೆ ಹಾಕಿ, ಬಂದ ಮೇಲೆ ವಾರ್ಡಿನಲ್ಲೇ ಕುಡಿಸುವುದು ಮೇಲು.